ಮೇಲಿನ ರೂಮಿಗೆ ಸಿಗ್ನಲ್

ಕಾಡುಗೋಡಿಯ ಹಳೇ ಊರಿನೊಳಗೆ ಸುಬ್ಬಲಕ್ಷ್ಮಮ್ಮನ ಮನೆ. ಕೆಳಗೆ ಆಕೆ, ನಡುವಿನ ಅಂತಸ್ತಿನಲ್ಲಿ ಬಾಡಿಗೆಯ ಹುಡುಗರು, ತಾರಸಿಯ ಮೇಲೆ ತಗಡು ಹೊದಿಸಿದ ಒಂದೇ ಒಂದು ರೂಮು. ಆ ರೂಮಿನಲ್ಲಿ ಕೊಪ್ಪಳದ ಕಡೆಯಿಂದ ಬಂದ ಬಸಲಿಂಗ ಮತ್ತು ಅವನ ಹೆಂಡತಿ ಶಾಂಭವಿ. ಅವನಿಗೆ ಪ್ಲಾಸ್ಟಿಕ್ ಡಬ್ಬಿ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ, ಒಂದು ವಾರ ಹಗಲು, ಒಂದು ವಾರ ರಾತ್ರಿ. ಅವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಬಾಯಿಯೂ ಬಾರದು.

ಬಾಯಿ ಬಾರದು ಅಂದಮಾತ್ರಕ್ಕೆ ಮಾತೇ ಇಲ್ಲ ಅಂದುಕೊಂಡೀರಿ, ಜೋಕೆ! ಅವಳ ಮಾತೆಲ್ಲ ಕೈಯಲ್ಲಿ. ಊರಿನಲ್ಲಿರುವ ಅಕ್ಕ ಸಿದ್ದಕ್ಕನಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಆದರೂ ತಂಗಿಗೋಸ್ಕರ ಚಿಕ್ಕಂದಿನಲ್ಲೇ ಅವಳೊಂದಿಗೆ ಸೇರಿ ಒಂದು ಕೈಮಾತು ಕಟ್ಟಿಕೊಂಡಿದ್ದಳು. ಶಾಂಭವಿ ಶಾಲೆಯ ಮುಖ ಕಂಡವಳಲ್ಲ, ಹಾಗಾಗಿ ಓದು ಬರಹ ಇಲ್ಲ. ಆದರೆ ಫೋನಿನಲ್ಲಿ ಅಕ್ಕನ ಮುಖ ಕಂಡರೆ ಸಾಕು, ಆ ಹತ್ತು ಬೆರಳಿಗೆ ಬಿಡುವೇ ಇರುತ್ತಿರಲಿಲ್ಲ. ಬಸಲಿಂಗನಿಗೆ ಆ ಭಾಷೆಯಲ್ಲಿ ಬರುತ್ತಿದ್ದುದು ಊಟ, ನೀರು, ಡ್ಯೂಟಿ, ದವಾಖಾನೆ, ಇಷ್ಟೇ. ಮದುವೆಯಾದ ಮೇಲೆ ಇಷ್ಟರಲ್ಲೇ ಸಂಸಾರ ಹೇಗೋ ಸಾಗಿತ್ತು.

ಈಗ ಶಾಂಭವಿಗೆ ಏಳು ತಿಂಗಳು. ಎರಡು ವಾರದಿಂದ ಅವಳು ಅವನಿಗೆ ಏನೋ ಹೇಳುತ್ತಿದ್ದಳು. ಹೊಟ್ಟೆಯ ಮೇಲೆ ಕೈಯಿಡುವಳು, ಕಿವಿ ಮುಟ್ಟಿಕೊಳ್ಳುವಳು, ಅಂಗೈ ಆಡಿಸಿ ಇಲ್ಲ ಅನ್ನುವಳು, ಆಮೇಲೆ ಅಳುವಳು. ಇವನು ಹೊಟ್ಟೆನೋವೋ ಕಿವಿನೋವೋ ಎಂದು ಗಾಬರಿಬಿದ್ದು ದವಾಖಾನೆಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ನೋಡಿ, ಎಲ್ಲ ಸರಿಯಿದೆ ಅಂದರು. ಶಾಂಭವಿ ಹಣೆ ಹಣೆ ಚಚ್ಚಿಕೊಂಡಳು. ಆಮೇಲಾಮೇಲೆ ಒಬ್ಬಳೇ ಕೂತು ಏನನ್ನೋ ನುಂಗುತ್ತಿದ್ದಳು. ಅದೇನೆಂದು ತಿಳಿದು ಹೇಳಬಲ್ಲವಳು ಸಿದ್ದಕ್ಕ ಒಬ್ಬಳೇ.

ಆದರೆ ಸಿದ್ದಕ್ಕನನ್ನು ತೋರಿಸುವುದು ಹೇಗೆ? ತಗಡಿನ ಕೆಳಗೆ ಮೊಬೈಲ್ ನೆಟ್‌ವರ್ಕ್ ಸತ್ತೇಹೋಗುತ್ತಿತ್ತು. ಸುಬ್ಬಲಕ್ಷ್ಮಮ್ಮ ಪ್ರೀತಿಯಿಂದ ತನ್ನ ವೈಫೈ ಪಾಸ್‌ವರ್ಡ್ ಕೊಟ್ಟಿದ್ದರೂ ಆ ಸಿಗ್ನಲ್ ಮೆಟ್ಟಿಲ ಅರ್ಧಕ್ಕೆ ಬಂದು ಉಸ್ಸೆಂದು ಕೂತುಬಿಡುತ್ತಿತ್ತು. ಮೊದಲು ಶಾಂಭವಿ ಆ ಮೆಟ್ಟಿಲ ಮೇಲೇ ಕೂತು ಅಕ್ಕನೊಂದಿಗೆ ಮಾತಾಡುತ್ತಿದ್ದಳು. ಹೋಗಿಬರುವ ಬಾಡಿಗೆ ಹುಡುಗರು ನಿಂತು ಅವಳ ಕೈಯನ್ನು ಅಣಕಿಸಿ ನಕ್ಕರು, ಮೂಳರು! ಅಂದಿನಿಂದ ಅವಳು ಇಳಿಯಲಿಲ್ಲ. "ನಮ್ಮ ಹಾಲ್‌ನಲ್ಲೇ ಕೂತ್ಕೊಂಡು ಮಾತಾಡಮ್ಮಾ!" ಎಂದು ಸುಬ್ಬಲಕ್ಷ್ಮಮ್ಮ ಅವಳ ಕಿವಿಯ ಹತ್ತಿರ ಕೂಗಿದ್ದೇನೋ ಹೌದು. ಆದರೆ ಆ ಹಾಲ್‌ನಲ್ಲಿ ಯಾವಾಗಲೂ ಟಿವಿ, ಬಂದುಹೋಗುವ ನೆಂಟರು. ಅಳು ಬರುವ ಮಾತನ್ನು ಅಲ್ಲಿ ಆಡಲಾದೀತೆ? ಅವಳು ಹೇಳುವುದನ್ನು ವಿಡಿಯೋ ಮಾಡಿ ಕಳಿಸೋಣವೆಂದು ಬಸಲಿಂಗ ಒಮ್ಮೆ ಫೋನ್ ಹಿಡಿದ. ಎದುರಿಗೆ ಅಕ್ಕನ ಮುಖವಿಲ್ಲದೆ ಅವಳ ಕೈ ಮೇಲೇಳಲೇ ಇಲ್ಲ.

ಭಾನುವಾರ ಬೆಳಿಗ್ಗೆ ಅವನು ಸಂತೆಬೀದಿಯ ವಸಂತನ ಮೊಬೈಲ್ ಅಂಗಡಿಗೆ ಹೋದ.

"ರೇಂಜ್ ಜಾಸ್ತಿ ಬರೋ ಆಂಟೆನಾ ಇದೆ ಗುರು," ಅಂದ ವಸಂತ. "ರೂಟರ್‌ದು ಹಳೇ ಕಡ್ಡಿ ತಿರುಗಿಸಿ ಬಿಚ್ಚು, ಇದನ್ನ ತಿರುಗಿಸಿ ಹಾಕು. ಸಕ್ಕತ್ತಾಗಿ ಎಳೆಯುತ್ತೆ."

ಅದರ ಉದ್ದ ನೋಡಿ ಸುಬ್ಬಲಕ್ಷ್ಮಮ್ಮ ಬೆರಗಾದರು. "ಏನೋ ಇದು, ಒನಕೆ ತಂದಿದ್ದೀಯಾ? ಹಾಕು, ಹಾಕು. ನನ್ನ ಸೀರಿಯಲ್ ನಿಲ್ಲದಿದ್ರೆ ಸರಿ."

ಬಸಲಿಂಗ ಹಾಲಿನ ಶೋಕೇಸಿನ ಮೇಲಿದ್ದ ರೂಟರಿಗೆ ಆಂಟೆನಾ ಕೂಡಿಸಿದ. ಸೂರಿನ ಕಡೆ ನೋಡಿ, ತನ್ನ ರೂಮು ಎಲ್ಲಿ ಬರುತ್ತದೆಂದು ಅಂದಾಜು ಮಾಡಿ, ಅದರ ತುದಿಯನ್ನು ಸರಿಯಾಗಿ ಅಲ್ಲಿಗೇ ಗುರಿಯಿಟ್ಟ. ದಾರಿ ಕೇಳಿದವರಿಗೆ ಬೆರಳು ಮಾಡಿ ತೋರಿಸಿದ ಹಾಗೆ. ಆಮೇಲೆ ಮೇಲಕ್ಕೆ ಓಡಿದ. ಮೊದಲು ಸಿಗ್ನಲ್ಲಿನ ಗೆರೆ ಒಂದಾದರೂ ಆಗಾಗ ಮಿಣುಕುತ್ತಿತ್ತು, ಈಗ ಅದೂ ಇಲ್ಲ! ಬೇಸತ್ತು ಎದುರಿನ ಓಣಿಗೆ ಟೀ ಕುಡಿಯಲು ಹೋದರೆ ಅಲ್ಲಿ ತನ್ನ ಫೋನಿನಲ್ಲಿ ಅದೇ ವೈಫೈಯ ಗೆರೆ ಪೂರ್ತಿ. ಟೀ ಅಂಗಡಿಯವನಿಗೆ ದಕ್ಕುವುದು ನನ್ನ ಹೆಂಡತಿಗೆ ದಕ್ಕುವುದಿಲ್ಲವಲ್ಲ ಎಂದು ಅವನಿಗೆ ಅಳುವೇ ಬಂತು.

ರೂಮಿಗೆ ಬಂದು ಗೋಡೆಗೊರಗಿ ಕೂತ. ಶಾಂಭವಿ ಅವನ ಮುಖ ನೋಡಿ ರೊಟ್ಟಿಯ ತಟ್ಟೆ ಮುಂದಿಟ್ಟಳು. ಇವನು ತುತ್ತು ಮುರಿಯುವಷ್ಟರಲ್ಲಿ ಅವಳ ಮಡಿಲಿನಲ್ಲಿದ್ದ ಫೋನು ಗಡಗಡ ನಡುಗಿತು. ಸಿದ್ದಕ್ಕ! ಮೂಗುಬೊಟ್ಟಿನ ಹರಳೂ ಕಾಣುವಷ್ಟು ಸ್ವಚ್ಛವಾಗಿ ಆಕೆಯ ಮುಖ.

ಅದೇ ಹೊತ್ತಿಗೆ ಕೆಳಗಿನಿಂದ ಸುಬ್ಬಲಕ್ಷ್ಮಮ್ಮನ ಕೂಗು. "ಬಸಲಿಂಗಾ! ಧೂಳು ಹೊಡೀತಾ ನಿನ್ನ ಒನಕೆಗೆ ಕೈ ತಗುಲ್ತು ಕಣೋ. ಅಡ್ಡ ಬಿದ್ಕೊಂಡ್ಬಿಟ್ಟಿದೆ. ಬಂದು ನೆಟ್ಟಗೆ ನಿಲ್ಸು!"

"ಬ್ಯಾಡ್ರೀ ಅಮ್ಮಾರ!" ಬಸಲಿಂಗ ಬಾಗಿಲಿಗೆ ಹಾರಿ ಕಿರುಚಿದ. "ಮುಟ್ಟಬ್ಯಾಡ್ರಿ! ಹಂಗ ಮಲಗಿರ್ಲಿ!"

ವಿಷಯ ಇಷ್ಟೇ. ಅಂಥ ಆಂಟೆನಾ ಸಿಗ್ನಲ್ ಬಿಡುವುದು ಪಕ್ಕೆಯಿಂದ, ತುದಿಯಿಂದಲ್ಲ. ನೆಟ್ಟಗೆ ನಿಲ್ಲಿಸಿದರೆ ಬೀದಿಗೆಲ್ಲ ಹರಡುತ್ತದೆ, ಅಡ್ಡ ಮಲಗಿಸಿದರೆ ಮೇಲಕ್ಕೆ ಏರುತ್ತದೆ. ಬಸಲಿಂಗ ಪಾಪ, ತುದಿಯನ್ನು ಗುರಿಯಿಟ್ಟು ತನ್ನ ಮನೆಯೊಂದನ್ನೇ ತಪ್ಪಿಸಿದ್ದ.

ಒಳಗೆ ಬಂದು ನೋಡಿದರೆ ಶಾಂಭವಿಯ ಕೈ ಹುಚ್ಚುಹೊಳೆ. ಹೊಟ್ಟೆ, ಕಿವಿ, ಕತ್ತಲೆ, ಬಾಗಿಲು, ಮತ್ತೆ ಕಿವಿ. ಸಿದ್ದಕ್ಕ ನೋಡುತ್ತ ನೋಡುತ್ತ ಸೆರಗನ್ನು ಬಾಯಿಗಿಟ್ಟುಕೊಂಡಳು.

"ಏನ್ರೀ ಅಕ್ಕಾರ? ಏನಂತಾಳ? ಎಲ್ಲಿ ನೋವಂತ?"

"ನೋವಲ್ರೀ ಬಸಲಿಂಗಪ್ಪ," ಅಂದಳು ಸಿದ್ದಕ್ಕ. "ರಾತ್ರಿ ಕೂಸು ಅತ್ತರ ನನಗ ಹೆಂಗ ಗೊತ್ತಾಗಬೇಕು ಅಂತ ಕೇಳಾಕತ್ತಾಳ. ನೀವು ರಾತ್ರಿ ಡ್ಯೂಟಿಗೆ ಹೋಗಿರ್ತೀರಿ. ಕೂಸು ಅತ್ತು ಅತ್ತು ಸೋತು ಹೋಗ್ತೈತಿ, ನಾನು ಬಾಜೂಕ ಇದ್ದೂ ಮಲಗೇ ಇರ್ತೀನಿ ಅಂತ."

ಬಸಲಿಂಗ ಹೆಂಡತಿಯ ಕಡೆ ತಿರುಗಿದ. ಇದನ್ನು ಎದೆಯಲ್ಲಿಟ್ಟುಕೊಂಡು ಇಷ್ಟು ದಿನ ಈ ಹೆಣ್ಣು ತನಗೆ ರೊಟ್ಟಿ ಬಡಿದು ಹಾಕಿತಲ್ಲ! "ರಾತ್ರಿ ಡ್ಯೂಟಿ ಬಿಡ್ತೀನಿ ಅಂತ ಹೇಳ್ರಿ," ಅಂದ. ಅವನ ಮುಖದಿಂದಲೇ ಅರ್ಥ ಹಿಡಿದ ಶಾಂಭವಿ ಬೇಡವೆಂದು ತಲೆಯಾಡಿಸಿದಳು. ಅದು ಆಗುವ ಮಾತಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಯಾಕೋ ಹಂಗೆ ಕಿರುಚ್ದೆ?" ಎಂದು ಬೈಯುತ್ತಲೇ ಮೆಟ್ಟಿಲು ಹತ್ತಿ ಬಂದಿದ್ದ ಸುಬ್ಬಲಕ್ಷ್ಮಮ್ಮ ಸಿದ್ದಕ್ಕನ ಮಾತಷ್ಟನ್ನೂ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. ಏದುಸಿರು ಬಿಡುತ್ತ ಹೊಸ್ತಿಲ ಮೇಲೆ ಕೂತರು.

"ಅಲ್ಲ ಕಣೋ, ಬಾಣಂತಿನ ಈ ಕಾದ ತಗಡಿನ ಕೆಳಗೆ ಇಡ್ತೀಯಾ? ಕೆಳಗೆ ನನ್ನ ರೂಮಿನ ಪಕ್ಕದ ರೂಮು ಸುಮ್ನೆ ಬಿದ್ದಿದೆ. ಅಲ್ಲೇ ಬಾಣಂತನ. ಈ ವಯಸ್ಸಲ್ಲಿ ನನಗೆ ನಿದ್ದೆ ಎಲ್ಲಿ ಬರುತ್ತೆ? ಮಗು ಅತ್ರೆ ಎದ್ದು ಬಂದು ಇವಳ್ನ ಎಬ್ಬಿಸ್ತೀನಿ. ಅಷ್ಟೇ ನನ್ನ ಕೆಲಸ. ಎತ್ಕೊಂಡು ಸಮಾಧಾನ ಮಾಡೋಳು ತಾಯಿನೇ." ಹೀಗೆಂದು ಕಣ್ಣೊರೆಸಿಕೊಂಡರು.

ಶಾಂಭವಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಸಿದ್ದಕ್ಕ ಕೈಯೆತ್ತಿದಳು.

"ತಡೀರಿ ಅಕ್ಕಾರ," ಅಂದ ಬಸಲಿಂಗ. "ನಾ ಹೇಳ್ತೀನಿ."

ತಟ್ಟೆ ಸರಿಸಿ ಹೆಂಡತಿಯ ಎದುರು ಕೂತ. ಸುಬ್ಬಲಕ್ಷ್ಮಮ್ಮನನ್ನು ತೋರಿಸಿದ, ಕಿವಿ ತೋರಿಸಿದ. ಕಣ್ಣು ಮುಚ್ಚಿ ರಾತ್ರಿ ಮಾಡಿದ, ಮುಖ ಕಿವುಚಿ ಕೂಸಿನ ಹಾಗೆ ಅತ್ತ. ಶಾಂಭವಿಯ ಭುಜವನ್ನು ಮೆಲ್ಲಗೆ ತಟ್ಟಿ ಎಬ್ಬಿಸಿದ. ಕೊನೆಗೆ ಅವಳ ಎರಡೂ ತೋಳನ್ನು ಹಿಡಿದು, ಮಗುವನ್ನು ಎತ್ತಿಕೊಂಡಂತೆ ಅವಳ ಎದೆಗೇ ಮಡಿಸಿ ಇಟ್ಟ.

ಶಾಂಭವಿ ಮಡಿಸಿದ ತೋಳನ್ನು ಬಿಡಿಸಲಿಲ್ಲ. ಕಣ್ಣಿಂದ ದಳದಳ ನೀರು ಇಳಿಯುತ್ತಿದ್ದರೂ ನಗುತ್ತಿದ್ದಳು.

"ಸರಿ ಹೇಳಿದ್ನೇನ್ರೀ ಅಕ್ಕಾರ?" ಬಸಲಿಂಗ ಫೋನಿನ ಕಡೆ ತಿರುಗಿ ಕೇಳಿದ.

"ಏನ್ ಸರೀರಿ, ಎಲ್ಲಾ ತಪ್ಪು ಮಾಡಿದ್ರಿ," ಅಂದಳು ಸಿದ್ದಕ್ಕ ಮೂಗು ಒರೆಸಿಕೊಳ್ಳುತ್ತ. "ಆದ್ರ ಆಕೀಗೆ ಪೂರಾ ತಿಳೀತು."