ಕೊರಳ ಗೆರೆ

ಮತ್ತೆ ಮೂಡುತ್ತಿದೆ, ಒರೆಸಿದರೂ ಮತ್ತೆ, ಬಿಳಿ ಪುಡಿಯ ಒಳಗಿಂದ, ಕೂದಲೆಳೆಯಷ್ಟು ತೆಳ್ಳಗೆ, ಪೈಪಿನೊಳಗೆ ಯಾರೋ ಕೂತು ಸೂಜಿಮೊನೆಯಲ್ಲಿ ಬರೆಯುತ್ತಿರುವ ಹಾಗೆ — ಸೀಮೆಎಣ್ಣೆಗೆ ಸುಳ್ಳು ಹೇಳಲು ಬರುವುದಿಲ್ಲ, ಬಿರುಕಿದ್ದರೆ ನುಸುಳಿ ಕೂರುತ್ತದೆ, ಮೇಲೆಲ್ಲ ಬಟ್ಟೆಯಿಂದ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸಿದರೆ ಮೆಲ್ಲಗೆ ಜಿನುಗಿ ಬಂದು ಗುಟ್ಟು ರಟ್ಟು ಮಾಡುತ್ತದೆ, ಬೆಸುಗೆ ಕಲಿಸಿದ ಮುದುಕ ಮೇಸ್ತ್ರಿ ಹೇಳುತ್ತಿದ್ದ, ಕಬ್ಬಿಣ ಬಾಯಿ ಬಿಡಲ್ಲ ಕಣಮ್ಮಾ, ಸುಣ್ಣ ಬಾಯಿ ಬಿಡಿಸುತ್ತೆ — ಹೆಬ್ಬೆರಳಿಂದ ಇನ್ನೊಮ್ಮೆ ಒರೆಸಿ ಇನ್ನೊಂದು ಚಿಟಿಕೆ ಉದುರಿಸಿದಳು, ಕೊಳೆಯಿರಬಹುದು, ಬಣ್ಣ ಕೆರೆದಾಗ ಬಿದ್ದ ಗೀರಿರಬಹುದು, ವಯಸ್ಸಾದ ಕಣ್ಣಿನ ಆಟವಿರಬಹುದು, ಇರಬಹುದು ಇರಬಹುದು ಎನ್ನುತ್ತಿರುವಾಗಲೇ ಅದು ಬಂತು, ಬೈಕಿನ ಹ್ಯಾಂಡಲ್ಲನ್ನು ಹೊತ್ತ ಕೊರಳ ಪೈಪಿನ ಕೆಳಗೆ, ಅವಳದೇ ಬೆಸುಗೆಯ ಮಗ್ಗುಲಲ್ಲಿ. ಶೆಡ್ಡಿನ ಬಾಗಿಲಲ್ಲಿ ಮಗಳು ಫೋನು ಹಿಡಿದು ನಿಂತಿದ್ದಾಳೆ, ಹೊರಟೆ ಸಾರ್, ದಾರಿಯಲ್ಲೇ ಇದ್ದೀನಿ ಸಾರ್, ಇಲ್ಲ ಸಾರ್ ಗಾಡಿಗೇನೂ ಆಗಿಲ್ಲ — ದಾರಿಯಲ್ಲೇ ಇದ್ದಾಳಂತೆ, ದಾರಿಯಲ್ಲಿರುವವಳ ಗಾಡಿ ಇಲ್ಲಿ ಮುಂಗಾಲೆತ್ತಿ ಮರದ ದಿಮ್ಮಿಯ ಮೇಲೆ ಕೂತಿದೆ, ಟ್ಯಾಂಕು ಕಳಚಿ ನೆಲಕ್ಕಿಟ್ಟಿದೆ, ಪಾರ್ಸೆಲ್ ತುಂಬುವ ಡಬ್ಬ ಗೋಡೆಗೊರಗಿದೆ. ಬೆಳಿಗ್ಗೆ ಅವಳೇ ಅಂದದ್ದಲ್ಲವೇ, ಹಲ್ಲುಜ್ಜುತ್ತ, ಬಾಯಿ ತುಂಬ ನೊರೆ, ಅಮ್ಮಾ ಬ್ರೇಕ್ ಹಿಡಿದರೆ ಹ್ಯಾಂಡಲ್ಲು ಎಡಕ್ಕೆ ಎಳೆಯುತ್ತೆ, ಒಂಚೂರು ನೋಡ್ತೀಯಾ, ಬೋಲ್ಟು ಸಡಿಲ ಆಗಿರಬೇಕು ಅಷ್ಟೆ. ಅಷ್ಟೆ ಎಂದುಕೊಂಡೇ ತಾನೂ ಸ್ಪಾನರು ಹಿಡಿದು ಬಂದದ್ದು. ಬೋಲ್ಟು ಬಿಗಿಯಾಗಿಯೇ ಇತ್ತು. ಬಣ್ಣ ಮಾತ್ರ ಒಂದು ಕಡೆ ಮುರಿದ ಉಗುರಿನಂತೆ ಎದ್ದಿತ್ತು.

ಕತ್ತೆಮರಿ, ಮಗಳು ಇಟ್ಟ ಹೆಸರು, ಸಣ್ಣ ಗಾಡಿ, ಸಣ್ಣ ಹೊಟ್ಟೆ, ಪಾರ್ಸೆಲ್ ಗೋಡೌನಿಗೆ ಸೇರಿದಾಗ ಅದೇ ಸಾಕಾಗಿತ್ತು, ಆಮೇಲೆ ಡಬ್ಬ ದೊಡ್ಡದಾಯಿತು, ಗುಡ್ಡದ ಮೇಲಿನ ಬಡಾವಣೆಗಳು ಸೇರಿಕೊಂಡವು, ಏರು ಹತ್ತುವ ಗಾಡಿಯವರಿಗೆ ದಿನವೂ ಕೆಲಸ, ಹತ್ತಲಾರದವರಿಗೆ ಅಳಿದುಳಿದದ್ದು, ಎಷ್ಟೋ ದಿನ ಅದೂ ಇಲ್ಲ, ಸಂಜೆತನಕ ಗೇಟಿನಲ್ಲಿ ಕೂತು ಬರಿಗೈಯಲ್ಲಿ ಬರುವುದು, ಬಂದು ಊಟ ಬೇಡ ಎನ್ನುವುದು. ಮೇಲ್ವಿಚಾರಕ ಬೈಯುವವನಲ್ಲವಂತೆ, ಬೆಣ್ಣೆಯಂಥ ಮಾತು, ಬಲವಂತ ಇಲ್ಲಮ್ಮಾ, ಆಗೋರು ಮಾಡಿ, ಆಗದೋರು ಬಿಡಿ — ಬಲವಂತವಿಲ್ಲ! ಬಾವಿಗಿಳಿಸಿ ಹಗ್ಗ ಮೇಲಕ್ಕೆಳೆದುಕೊಂಡು ಬಲವಂತವಿಲ್ಲ ಎನ್ನುವ ಜನ, ಗೋಡೌನಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರ, ನಿಮ್ಮ ಗಾಡಿ ನಿಮ್ಮ ಸ್ವಾತಂತ್ರ್ಯ, ಹೌದು, ಗಾಡಿ ನಿನ್ನದು, ಪೆಟ್ರೋಲು ನಿನ್ನದು, ಬಿದ್ದರೆ ಮುರಿಯುವ ಮೂಳೆ ನಿನ್ನದು, ಆತುರ ಮಾತ್ರ ಅವರದು. ಅಮ್ಮಾ, ದೊಡ್ಡ ಗಾಡಿ ಕೊಳ್ಳೋದು ಕನಸು, ದೊಡ್ಡ ಇಂಜಿನ್ ಒಂದು ಕೂರಿಸಿಕೊಡು ಸಾಕು, ಬೀದಿಯವರಿಗೆಲ್ಲ ಮಾಡಿಕೊಡ್ತೀಯ, ಹೆತ್ತ ಮಗಳಿಗೆ ಆಗಲ್ವಾ? ಮಾರನೆಯ ದಿನವೇ ಅವಳು ಗುಜರಿ ಅಂಗಡಿಗೆ ಹೋದಳು. ಗುಜರಿಯವನ ಹತ್ತಿರ ಮುಖ ಜಜ್ಜಿಹೋದ ದೊಡ್ಡ ಗಾಡಿಯೊಂದರ ಇಂಜಿನ್ ಇತ್ತು, ಮೈಮೇಲೆ ಒಂದು ಗಾಯವಿಲ್ಲ, ಅವನು ಅದರ ಬೆನ್ನು ತಟ್ಟಿ ನಕ್ಕ, ಇಲಿಮರಿಗೆ ಆನೆ ಗುಂಡಿಗೆ ಕೂರಿಸ್ತೀಯೇನಕ್ಕಾ, ಓಡುತ್ತೋ ಹಾರುತ್ತೋ? ಹಾರಲಿ ಬಿಡೋ, ನಿನ್ನ ಗುಜರಿಗೆ ವಾಪಸ್ ಬರದಿದ್ದರೆ ಸಾಕು, ಎಂದಿದ್ದಳು ಅವಳೂ ನಗುತ್ತ — ಥೂ, ಎಂಥ ಬಾಯಿ. ಇಂಜಿನ್ ಕೂರಲೇ ಇಲ್ಲ, ಅದರ ತಲೆ ಎತ್ತರ, ಟ್ಯಾಂಕಿನ ಕೆಳಗಿನ ಅಡ್ಡ ಪೈಪಿಗೆ ತಾಗುತ್ತಿತ್ತು, ಹಿಂದೆ ಬಾಗಿಸಿದರೆ ಚೈನು ಸಿಗದು, ಮುಂದೆ ಬಾಗಿಸಿದರೆ ಚಕ್ರಕ್ಕೆ ಒರಸುತ್ತದೆ, ಇದು ಒಗ್ಗಲ್ಲ ಪುಟ್ಟೀ, ಎಂದಳು. ಪುಟ್ಟಿ ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಆ ಪೈಪನ್ನೇ ನೋಡುತ್ತಿದ್ದಳು, ಬರಿಗೈಯಲ್ಲಿ ಬಂದ ಸಂಜೆಗಳಲ್ಲಿ ತಟ್ಟೆ ನೋಡುತ್ತ ಕೂರುವ ಹಾಗೆ, ಅದನ್ನು ನೋಡಲಾಗದೆ ತಾಯಿ ಗರಗಸ ಎತ್ತಿಕೊಂಡಳು. ಅಡ್ಡ ಪೈಪು ಕತ್ತರಿಸಿ ಮೂಲೆಗೆಸೆದು, ಅದರ ಬದಲಿಗೆ ಎರಡು ಮಗ್ಗುಲಲ್ಲೂ ದಪ್ಪ ಪಟ್ಟಿ ಬೆಸೆದು, ಬೆಸುಗೆ ಎಂದರೆ ಬೆಸುಗೆ, ಮೀನಿನ ಪೊರೆಯಂತೆ ಒಂದರ ಮೇಲೊಂದು ಒಂದೇ ಸಮ, ಬೀದಿಯ ಮೆಕ್ಯಾನಿಕ್ಕುಗಳು ಬಂದು ಕಣ್ಣರಳಿಸಿ ನೋಡಿ ಹೋದರು, ಅಕ್ಕನ ಕೈ ಅಂದ್ರೆ ಕೈ. ಮೊದಲ ದಿನ ಮಗಳು ಗುಡ್ಡ ಹತ್ತಿ ಇಳಿದು ಬಂದವಳೇ ಹೆಲ್ಮೆಟ್ಟೂ ತೆಗೆಯದೆ ತಬ್ಬಿಕೊಂಡಳು, ಹಣೆಗೆ ಹೆಲ್ಮೆಟ್ಟು ಬಡಿದು ಬುಗುಟು ಎದ್ದಿತ್ತು, ಕತ್ತೆಮರಿ ಕುದುರೆ ಆಯ್ತು ಕಣಮ್ಮಾ!

ಬೆಸುಗೆ ಬಿಟ್ಟಿಲ್ಲ, ಅದೇ ಚುಚ್ಚುವುದು, ಬಿಟ್ಟಿದ್ದರೆ ತನ್ನ ಕೈಯನ್ನೇ ಬೈದುಕೊಂಡು ಇನ್ನೊಮ್ಮೆ ಬೆಸೆಯಬಹುದಿತ್ತು, ಅವಳ ಬೆಸುಗೆ ಕಲ್ಲಿನಂತಿದೆ, ಇಂಜಿನ್ನಿನ ಅದುರಾಟದಲ್ಲಿ ತನ್ನ ಪಾಲನ್ನೆಲ್ಲ ಪಕ್ಕದ ತೆಳು ಪೈಪಿಗೆ ದಾಟಿಸಿ ಹಾಯಾಗಿದೆ, ಲೋಕದ ನ್ಯಾಯವೇ ಇದು, ಗುಡುಗುವುದು ಗಟ್ಟಿಯವನ ಹೊಟ್ಟೆಯಲ್ಲಿ, ಸೀಳುವುದು ತೆಳ್ಳಗಿನವನ ಕೊರಳು — ಬಿರುಕಿನ ತುದಿಗೆ ತೂತು ಕೊರೆದು ಅಲ್ಲೇ ತಡೆದು ಮೇಲೊಂದು ತೇಪೆ ಹಾಕಿದರೆ, ಹಾಕಬಹುದು, ಈಗಲೇ ಹಾಕಬಹುದು, ತೇಪೆಯ ಅಂಚಿನಲ್ಲಿ ಇನ್ನೊಂದು ಹುಟ್ಟುತ್ತದೆ, ಅದಕ್ಕೂ ತೇಪೆ, ಗೆರೆ ಹೋಗುವುದಿಲ್ಲ, ಮನೆ ಬದಲಾಯಿಸುತ್ತದೆ ಅಷ್ಟೆ, ಇಳಿಜಾರಿನಲ್ಲಿ ಒಂದು ದಿನ, ಡಬ್ಬದ ಭಾರವೆಲ್ಲ ಬೆನ್ನಿಗೆ ಬಂದು ಒತ್ತುವಾಗ, ಬ್ರೇಕ್ ಹಿಡಿದ ಕ್ಷಣಕ್ಕೆ, ಹ್ಯಾಂಡಲ್ಲು ಮಗಳ ಕೈಯಲ್ಲಿ, ಗಾಡಿ ಮಾತ್ರ ಬೇರೆ — ಬೇಡ, ಅಲ್ಲಿಗೆ ಹೋಗಬೇಡ. ಸಣ್ಣ ಮೈಗೆ ದೊಡ್ಡ ಇಂಜಿನ್ ಕೂರಿಸುವುದು ಈ ಬೀದಿಗೆ ಹೊಸದೇ, ತನ್ನನ್ನೂ ಹಾಗೇ ಓಡಿಸಿದ್ದಲ್ಲವೇ, ಕಬ್ಬಿಣದ ಮಂಚ ಮಾಡುವ ಕಾರ್ಖಾನೆಯಲ್ಲಿ, ಹಸಿ ಬಾಣಂತಿ, ಹಾಲು ಸೋರಿ ಅಂಗಿ ಒದ್ದೆ, ಕೈಯಲ್ಲಿ ಬೆಸುಗೆಯ ಹಿಡಿ, ಅಲ್ಲಿದ್ದವನೂ ಬೈಯುವವನಲ್ಲ, ಇವತ್ತೊಂದಿನ ಅಕ್ಕಾ, ಇದೊಂದು ಆರ್ಡರು ಮುಗಿಸಿಬಿಡಿ, ಆಮೇಲೆ ಬೇಕಾದಷ್ಟು ರಜೆ, ಆ ಇವತ್ತೊಂದಿನ ಮುಗಿಯುವಷ್ಟರಲ್ಲಿ ಅವಳ ಸೊಂಟ ಹೋಗಿತ್ತು, ಹಾಲು ಬತ್ತಿತ್ತು. ಕೂಸು ಮೂಲೆಯ ರಟ್ಟಿನ ಪೆಟ್ಟಿಗೆಯಲ್ಲಿ, ಊಟದ ಗಂಟೆ ಹೊಡೆದಾಗ ಓಡಿಹೋಗಿ ಎತ್ತಿಕೊಂಡರೆ ಕೊರಳಲ್ಲಿ ಗೆರೆ, ಬೆಳಿಗ್ಗೆ ಬಳಿದ ಪೌಡರಿನ ನಡುವೆ, ಮಡಿಕೆಯೊಳಗೆ ಬೆವರೂ ಕಾರ್ಖಾನೆಯ ಮಸಿಯೂ ಸೇರಿ ಒಂದು ಕಪ್ಪು ದಾರ, ಹೆಬ್ಬೆರಳಿಂದ ಒರೆಸುತ್ತಿದ್ದಳು, ಮತ್ತೆ ಪೌಡರು ಬಳಿಯುತ್ತಿದ್ದಳು, ಕೂಸು ಕಚಗುಳಿಗೆ ಕೇಕೆ ಹಾಕುತ್ತಿತ್ತು, ಸಂಜೆಗೆ ನೋಡಿದರೆ ಅದೇ ಜಾಗದಲ್ಲಿ ಅದೇ, ಬಿಳಿಯ ನಡುವೆ ಕಪ್ಪು, ಕೂದಲೆಳೆಯಷ್ಟು —

ಆಯ್ತಾ ಅಮ್ಮಾ? ಬಾ ಇಲ್ಲಿ. ಅಯ್ಯೋ ಹೊತ್ತಾಯ್ತು, ಟ್ಯಾಂಕ್ ಕೂರಿಸು. ಬಾ ಅಂದೆ. ಮಗಳು ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡೇ ಬಂದು ಬಗ್ಗಿದಳು, ಅವಳಿಗೆ ಏನನ್ನೂ ಬಿಡಿಸಿ ಹೇಳಬೇಕಿಲ್ಲ, ಇದೇ ಶೆಡ್ಡಿನಲ್ಲಿ ಸುಣ್ಣದ ಪುಡಿಯಲ್ಲಿ ಆಡಿ ಬೆಳೆದವಳು, ನೋಡಿದಳು, ನೋಡುತ್ತಲೇ ಇದ್ದಳು, ಮುಖದ ಬಣ್ಣ ಇಳಿಯಿತು, ಸದ್ಯ, ಗೊತ್ತಾಯಿತಲ್ಲ, ಇನ್ನು ಅವಳೇ ಬೇಡ ಅನ್ನುತ್ತಾಳೆ, ಅನ್ನು ಪುಟ್ಟೀ, ನಿನ್ನ ಬಾಯಲ್ಲೇ ಬರಲಿ. ಸಣ್ಣದು ಅಲ್ವಾ ಅಮ್ಮಾ. ಏನು? ಅಲ್ಲ, ಸಣ್ಣದು ಅಲ್ವಾ, ಇವತ್ತೊಂದಿನ ಓಡಲ್ವಾ, ಇವತ್ತು ಹೋಗದಿದ್ದರೆ ಗುಡ್ಡದ ದಾರಿ ಬೇರೆಯವರಿಗೆ ಕೊಟ್ಟುಬಿಡ್ತಾರೆ, ನಿಧಾನ ಹೋಗ್ತೀನಿ, ನಿನ್ನಾಣೆ, ಬೇಕಾದರೆ ಬ್ರೇಕೇ ಹಿಡಿಯಲ್ಲ. ಬ್ರೇಕ್ ಹಿಡಿಯದೆ ಗುಡ್ಡ ಹೇಗೇ ಇಳೀತೀಯ, ಪಲ್ಲಕ್ಕಿ ಕಳಿಸ್ತಾನಾ ನಿಮ್ಮ ಸಾರು? ಮಗಳು ನಗಲಿಲ್ಲ, ಇವತ್ತೊಂದಿನ ಅಮ್ಮಾ — ಇದು ಅವಳ ಮಾತಲ್ಲ, ಆ ಕಾರ್ಖಾನೆಯವನ ಮಾತು, ಆ ಗೋಡೆಯ ಮಾತು, ಕೂಸು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿದ್ದಾಗಲೇ ಕಿವಿಗೆ ಬಿತ್ತೇನೋ, ಈಗ ತಾನೇ ಆಡುತ್ತಿದೆ, ತನ್ನ ಕೊರಳ ಮೇಲೆ ತಾನೇ — ಬೀಗದ ಕೈ ಕಿತ್ತುಕೊಂಡರೆ ಇನ್ನೊಂದು ಮಾಡಿಸುತ್ತಾಳೆ, ಬೈದರೆ ತಾನಿಲ್ಲದ ಹೊತ್ತಿಗೆ ಹೊರಡುತ್ತಾಳೆ, ಬೀದಿಯ ಯಾರಾದರೂ ತೇಪೆ ಹಾಕಿಕೊಡುತ್ತಾರೆ, ನಗುನಗುತ್ತಲೇ ಹಾಕಿಕೊಡುತ್ತಾರೆ — ಕೈ ಆಗಲೇ ಗೋಡೆಯ ಮೊಳೆಯಿಂದ ಗರಗಸ ಇಳಿಸಿದೆ, ಅದೇ ಗರಗಸ, ಹಲ್ಲು ಗೆರೆಯ ಮೇಲೆ ತಾನಾಗಿ ಕೂತಿದೆ, ಏನ್ಮಾಡ್ತಿದ್ದೀಯ, ಅಮ್ಮಾ, ಬೇಡಾ, ಹೆಲ್ಮೆಟ್ಟು ನೆಲಕ್ಕೆ ಬಿದ್ದು ಉರುಳಿತು, ಒಂದು ಎಳೆತ, ಕಬ್ಬಿಣ ಕಿರುಚಿತು, ಇನ್ನೊಂದು, ಹುಚ್ಚು ಹಿಡಿದಿದೆಯಾ ನಿನಗೆ, ನನ್ನ ಕೆಲಸ ಅಮ್ಮಾ, ನನ್ನ ಅನ್ನ ಅಮ್ಮಾ, ಮಗಳ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿದೆ, ಹೊಡೆದುಕೊಳ್ಳಲಿ, ಯಾರ ಆತುರವೋ ಅವರೇ ಹತ್ತಲಿ ಏರು, ತಾನು ಮಾಡಿಕೊಟ್ಟ ಇನ್ನುಳಿದ ಗಾಡಿಗಳನ್ನೂ ಕರೆಸಬೇಕು, ಒಂದೊಂದರ ಕೊರಳಿಗೂ ಸುಣ್ಣ ಹಾಕಬೇಕು, ಹಲ್ಲು ಪೈಪಿನ ಅರ್ಧಕ್ಕಿಳಿದಿದೆ, ಇನ್ನು ಯಾವ ತೇಪೆಯೂ ಹತ್ತದು, ಆಗ ಮಗಳು ಗಾಡಿಯ ಮೇಲೆ ಅಡ್ಡ ಬಿದ್ದಳು, ಗರಗಸಕ್ಕೂ ಪೈಪಿಗೂ ನಡುವೆ ತನ್ನ ತಲೆಯನ್ನೇ ತಂದಿಟ್ಟು ಬಿಕ್ಕುತ್ತಿದ್ದಾಳೆ, ಏಳೇ, ಏಳು ಅಂದೆ, ಅವಳು ಎಡಗೈಯಲ್ಲಿ ಮಗಳ ಕೊರಳು ಹಿಡಿದು ಆಚೆ ತಳ್ಳಿದಳು, ಕೈ ತೆಗೆದಳು — ಸುಣ್ಣದ ಕೈ, ಐದು ಬೆರಳೂ ಮೂಡಿವೆ ಬೆವರಿದ ಆ ಕೊರಳ ಮೇಲೆ, ಬಿಳಿಯಾಗಿ, ಮಗಳು ಬಿಕ್ಕಿದಾಗ ಮಡಿಕೆ ಬಿಚ್ಚಿಕೊಂಡಿತು, ಒಳಗೆ ದಾರಿಯ ಧೂಳು, ಹೊಗೆಯ ಮಸಿ, ಹೆಬ್ಬೆರಳು ಎತ್ತಿದಳು ಒರೆಸಲು, ಎತ್ತಿದ ಬೆರಳು ಎತ್ತಿದ ಹಾಗೇ, ಬಿಳಿಯ ನಡುವೆ ಕಪ್ಪು, ಕೂದಲೆಳೆಯಷ್ಟು, ಕೊರಳಲ್ಲಿ, ಕೂದಲೆಳೆಯಷ್ಟು —