ಸಂಪಂಗಿಯ ಸೀಟು

ನನ್ನ ಅಂಗಡಿಯ ಗೋಡೆಗೆ ತಲೆಯಿಲ್ಲದ ಬೆನ್ನುಗಳು ಸಾಲಾಗಿ ಒರಗಿಕೊಂಡಿರುತ್ತಿದ್ದವು. ಬೆನ್ನು, ಸೊಂಟ, ತೊಡೆ ಇಷ್ಟೇ; ಬಿಳಿಯ ಪ್ಲಾಸ್ಟರಿನಲ್ಲಿ ಒಣಗಿ ಗಟ್ಟಿಯಾದ ಅಚ್ಚುಗಳು. ಸೋಫಾ ಹೊಲಿಸಲು ಮೊದಲ ಸಲ ಬಂದವರು ಅವನ್ನು ಕಂಡು ಬಾಗಿಲಲ್ಲೇ ಬೆಚ್ಚಿ ನಿಲ್ಲುತ್ತಿದ್ದರು. ಅವು ಕಚ್ಚುವುದಿಲ್ಲ, ಒಳಗೆ ಬನ್ನಿ ಎಂದು ನಾನು ನಗುತ್ತಿದ್ದೆ.

ನಮ್ಮೂರಿನಲ್ಲಿ ಕಾರುಗಳ ಪಂದ್ಯ ನಡೆಯುವ ಟ್ರ್ಯಾಕ್ ಇತ್ತು. ಗಿರಣಿಯ ಸಾಹುಕಾರರಾದ ವೀರಭದ್ರಯ್ಯನವರು ಎರಡು ರೇಸ್ ಕಾರು ಸಾಕಿದ್ದರು. ಸಾಕಿದ್ದರು ಎಂದೇ ಹೇಳಬೇಕು, ಆ ಕಾರುಗಳು ತಿನ್ನುತ್ತಿದ್ದುದನ್ನು ನೋಡಿದರೆ ಎರಡು ಆನೆ ಸಾಕುವುದು ಸಲೀಸು. ಅವುಗಳ ಸೀಟು ಮಾಡುವವನು ನಾನು. ಅಂಥ ಸೀಟು ಅಂಗಡಿಯಲ್ಲಿ ಸಿಗುವುದಲ್ಲ. ಓಡಿಸುವವನು ಮರದ ಪೆಟ್ಟಿಗೆಯಲ್ಲಿ, ಕಲಸಿದ ಪ್ಲಾಸ್ಟರಿನ ಮೇಲೆ ರಬ್ಬರ್ ಹಾಳೆ ಹಾಸಿ ಕಾಲು ಚಾಚಿ ಕೂರಬೇಕು. ಮುಕ್ಕಾಲು ಗಂಟೆ ಅಲುಗಾಡಬಾರದು. ಅವನು ಎದ್ದಾಗ ಅವನ ಮೈಯ ಗುಣಿ ಅಲ್ಲಿ ಉಳಿಯುತ್ತದೆ. ಆ ಗುಣಿಗೆ ಮತ್ತೆ ಪ್ಲಾಸ್ಟರ್ ಸುರಿದರೆ ಬೆನ್ನಿನ ಅಚ್ಚು ಎದ್ದು ಬರುತ್ತದೆ, ಅದನ್ನು ನೋಡಿಕೊಂಡು ನಾನು ಸೀಟು ಹೊಲಿಯುತ್ತಿದ್ದೆ. ಮನುಷ್ಯನ ಮೈ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಪ್ರತಿ ವರ್ಷವೂ ಹೊಸ ಅಚ್ಚು.

ಇದರಿಂದ ಊರಿನಲ್ಲೊಂದು ಪದ್ಧತಿ ಬೆಳೆದಿತ್ತು. ಪಂದ್ಯಗಳೆಲ್ಲ ಮುಗಿದ ಮೇಲೆ ಸಾಹುಕಾರರು ಯಾರನ್ನು ನನ್ನ ಅಂಗಡಿಗೆ ಕಳಿಸುತ್ತಾರೋ ಅವರಿಗೆ ಮುಂದಿನ ವರ್ಷದ ಸೀಟು ಖಾತ್ರಿ. ಕರೆ ಬಾರದವನು ಹೆಲ್ಮೆಟ್ ಎತ್ತಿಕೊಂಡು ಮನೆಗೆ ಹೋಗಬೇಕು, ಕಾಗದವಿಲ್ಲ, ಸಮಜಾಯಿಷಿಯಿಲ್ಲ. ಆ ದಿನಗಳಲ್ಲಿ ಎದುರಿನ ಚಹಾದಂಗಡಿಯಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಈ ಸಲ ಯಾರ ಸೀಟು ಹೋಗುತ್ತದೆ ಎಂದು ನನ್ನ ಬಾಗಿಲನ್ನೇ ನೋಡುತ್ತಾ ಕೂತಿರುತ್ತಿದ್ದರು. ಬಿಸಿ ಬೋಂಡ ಕಳಿಸಿ ನನ್ನ ಬಾಯಿ ಬಿಡಿಸಲು ನೋಡುವವರೂ ಇದ್ದರು. ನಾನು ಬೋಂಡ ತಿನ್ನುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಗುಟ್ಟು ಕಾಯುವವನು ಎಂಬ ಹೆಸರು ನನಗಿತ್ತು, ಅದರ ಬಗ್ಗೆ ಜಂಬವೂ ಇತ್ತು.

ಆ ವರ್ಷ ಸಾಹುಕಾರರು ಎರಡು ಕಾರಿಗೆ ಮೂವರನ್ನು ಕಳಿಸಿದರು. ಹಿಂದೆಂದೂ ಹಾಗಾಗಿರಲಿಲ್ಲ. ಒಬ್ಬ ಗೆಲ್ಲುತ್ತಲೇ ಇದ್ದವನು, ಅವನ ಸೀಟಿಗೆ ಅಲುಗಾಟವಿಲ್ಲ. ಇನ್ನೊಬ್ಬ ಇಪ್ಪತ್ತರ ಹೊಸ ಹುಡುಗ. ಮೂರನೆಯವನು ಸಂಪಂಗಿ. ಹುಡುಗ ಬಂದರೆ ಸಂಪಂಗಿ ಹೋಗುತ್ತಾನೆ, ಸಂಪಂಗಿ ಉಳಿದರೆ ಹುಡುಗ ಕಾಯುತ್ತಾನೆ. ಚಹಾದಂಗಡಿಯವರಿಗೂ ಅಷ್ಟು ಲೆಕ್ಕ ಗೊತ್ತಿತ್ತು.

ಸಂಪಂಗಿ ನನ್ನ ಚಡ್ಡಿ ದೋಸ್ತ್. ಅದೇ ಸಾಹುಕಾರರ ಗ್ಯಾರೇಜಿನಲ್ಲಿ ಕಾರು ತೊಳೆಯಲು ಸೇರಿ, ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅದೇ ಕಾರಿನ ಚಕ್ರ ಹಿಡಿದವನು. ಅವನ ಹದಿಮೂರು ವರ್ಷದ ಬೆನ್ನುಗಳು ನನ್ನ ಗೋಡೆಗಿದ್ದವು. ಆ ವರ್ಷದ ನಡುವೆ ಅವನ ಕಾರು ಬೇವಿನಮರದ ತಿರುವಿನಲ್ಲಿ ಗೋಡೆಗೆ ಬಡಿದು ಬಲಗಾಲು ನಜ್ಜಾಗಿತ್ತು. ಮೂರು ತಿಂಗಳು ಮಲಗಿ ಎದ್ದು ಬಂದ. ನಡಿಗೆ ನೋಡಿದವರು ಸರಿಹೋಯಿತು ಎಂದರು. ಆದರೆ ಆಮೇಲಿನ ಎಲ್ಲ ಪಂದ್ಯಗಳಲ್ಲೂ ಅವನೇ ಕೊನೆ.

ಅವನು ಅಚ್ಚಿಗೆ ಕೂತು ಮುಕ್ಕಾಲು ಗಂಟೆಯಾದ ಮೇಲೆ, ಏಳೋ ಮಾರಾಯ, ನಿದ್ದೆ ಹೋದೆಯಾ ಎಂದು ತಮಾಷೆ ಮಾಡಿದೆ. ಅವನು ಏಳಲಿಲ್ಲ. ಏಳಲು ಆಗಲಿಲ್ಲ. ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದೆ. ಗುಣಿಯನ್ನು ನೋಡಿದೆ: ಎಡ ತೊಡೆಯ ಗುಣಿ ಎಂದಿನಷ್ಟೇ ಆಳವಾಗಿತ್ತು, ಬಲ ತೊಡೆಯದು ಎರಡು ಬೆರಳು ಕಡಿಮೆ. ಕಾಲು ಬತ್ತಿಹೋಗಿತ್ತು. ಬ್ರೇಕ್ ತುಳಿಯುವ ಕಾಲು.

ಬೆಳಿಗ್ಗೆ ಹೆಂಡತಿ ವನಜಾಕ್ಷಿ ಅರ್ಧ ಗಂಟೆ ಎಣ್ಣೆ ತಿಕ್ಕಿದ ಮೇಲೇ ಅದರಲ್ಲಿ ಜೀವ ಬರುತ್ತದೆ, ಸಂಜೆಗೆ ಮತ್ತೆ ಮರಗಟ್ಟುತ್ತದೆ ಎಂದು ಹೇಳಿದ. ಓಡಿಸುವುದು ಬಿಡಿ ಎಂದು ಅವಳದು ದಿನಾ ಜಗಳವಂತೆ. ಬಿಡದಿದ್ದರೆ ತಾನೇ ಹೋಗಿ ಸಾಹುಕಾರರಿಗೆ ಹೇಳುತ್ತೇನೆಂದು ಹೆದರಿಸಿದ್ದಳಂತೆ. ಕಾಲಿನ ವಿಷಯ ಅವಳಿಗೆ ಬಿಟ್ಟರೆ ಈಗ ನನಗೊಬ್ಬನಿಗೇ ಗೊತ್ತು. ಸೀಟಿನ ಬಲಭಾಗಕ್ಕೆ ಎರಡು ಬೆರಳು ಸ್ಪಂಜು ತುಂಬು, ಯಾರಿಗೂ ಕಾಣದ ಹಾಗೆ ಮೇಲೆ ಹೊಲಿ ಎಂದು ನನ್ನ ಎರಡೂ ಕೈ ಹಿಡಿದುಕೊಂಡ.

"ಸೀಟು ಹೋದ್ರೆ ನಾನು ಯಾರೋ? ಮತ್ತೆ ಕಾರು ತೊಳೀಲಾ? ಯಾರಿಗೂ ಹೇಳ್ಬೇಡ. ನನ್ನ ಮೇಲಾಣೆ."

ಆಣೆ ಮಾಡಿದೆ. ಸ್ಪಂಜೂ ತುಂಬಿದೆ.

ನಾಲ್ಕನೆಯ ದಿನ ಮಧ್ಯಾಹ್ನ ವೀರಭದ್ರಯ್ಯನವರು ಒಬ್ಬರೇ ನನ್ನ ಅಂಗಡಿಗೆ ಬಂದರು. ಅಷ್ಟು ದೊಡ್ಡ ಮನುಷ್ಯ ನನ್ನ ಮುರುಕು ಸ್ಟೂಲಿನ ಮೇಲೆ ಕೂತರು. ಸಂಪಂಗಿಯ ಬಗ್ಗೆ ಡಾಕ್ಟರು ಒಂದು ಹೇಳುತ್ತಾರೆ, ಮೆಕ್ಯಾನಿಕ್ಕು ಒಂದು ಹೇಳುತ್ತಾನೆ, ನಿನ್ನ ಕೈಗೆ ಗೊತ್ತಿರುವಷ್ಟು ಅವರಿಗೆ ಗೊತ್ತಿಲ್ಲ, ನಾನು ನಿನ್ನ ಮಾತನ್ನೇ ನಂಬುತ್ತೇನೆ ಎಂದರು. ನನಗೆ ಒಂದು ಗೇಣು ಎತ್ತರವಾದ ಹಾಗಾಯಿತು. ಬೇವಿನಮರದ ತಿರುವಿನಲ್ಲಿ ಆ ಕಾಲು ಕೈಕೊಟ್ಟರೆ ಸಂಪಂಗಿ ಉಳಿಯುವುದಿಲ್ಲ ಎಂಬ ಭಯ ಮೂರು ದಿನದಿಂದ ಊಟ ಸೇರಗೊಟ್ಟಿರಲಿಲ್ಲ, ಅದು ನಿಜ. ಆದರೆ ನಾನು ಬಾಯಿ ಬಿಟ್ಟದ್ದು ಆ ಭಯದಿಂದಲೋ, ಸಾಹುಕಾರರು ಸ್ಟೂಲಿನ ಮೇಲೆ ಕೂತು ಕೇಳಿದರೆಂಬ ಹೆಮ್ಮೆಯಿಂದಲೋ, ಇವತ್ತಿಗೂ ನನಗೆ ಗೊತ್ತಿಲ್ಲ. ಎರಡೂ ಅಚ್ಚುಗಳನ್ನು, ಹಳೆಯದು ಮತ್ತು ಹೊಸದು, ಪಕ್ಕಪಕ್ಕ ಇಟ್ಟು ತೋರಿಸಿದೆ. ನನ್ನ ಹೆಸರು ಹೇಳಬೇಡಿ ಎಂದು ಕೈಮುಗಿದೆ. ಆಗಲಿ ಎಂದರು.

ಸಾಹುಕಾರರು ಮಾತಿಗೆ ತಪ್ಪಲಿಲ್ಲ. ನಿನ್ನ ಒಳ್ಳೆಯದು ಬಯಸುವವರೇ ಹೇಳಿದರು ಎಂದಷ್ಟೇ ಸಂಪಂಗಿಗೆ ಹೇಳಿದರಂತೆ. ಅಚ್ಚಿಗೆ ಕೂತ ಮೇಲೂ ಸೀಟು ಕಳೆದುಕೊಂಡವನು ಅವನೊಬ್ಬನೇ.

ಅಂದು ಸಂಜೆ ಅವನು ಬಂದು ಅದೇ ಸ್ಟೂಲಿನ ಮೇಲೆ ಕೂತು ಚಿಕ್ಕ ಮಗುವಿನಂತೆ ಅತ್ತ. ನಾನು ಸೂಜಿಗೆ ದಾರ ಪೋಣಿಸುತ್ತಾ ತಲೆ ತಗ್ಗಿಸಿಕೊಂಡಿದ್ದೆ.

"ಬೇಲಿಯೇ ಎದ್ದು ಹೊಲ ಮೇಯ್ದ್ರೆ ಏನು ಮಾಡೋದು ಹೇಳು," ಎಂದ. "ಅವಳೇ ಹೋಗಿ ಹೇಳಿದಾಳೆ. ಹೇಳ್ತೀನಿ ಅಂತಿದ್ಳಲ್ಲ, ಹೇಳೇಬಿಟ್ಳು. ನೀನಂತೂ ಹೇಳೋನಲ್ಲ, ನಂಗೊತ್ತು. ಅವಳೇ ಅಲ್ವೇನೋ?"

ಆಗ, ಹೇಳಿದ್ದು ನಾನೇ ಎನ್ನಬಹುದಿತ್ತು. ಕಡೆಗೆ ಸುಮ್ಮನಾದರೂ ಇರಬಹುದಿತ್ತು.

"ಇರಬಹುದು ಕಣೋ," ಎಂದೆ.

ಆಡಿದ ಮಾತು, ಒಡೆದ ಮುತ್ತು. ಮಾರನೆಯ ದಿನ ನಿಜ ಹೇಳಿಬಿಡಬೇಕೆಂದು ಬೆಳಿಗ್ಗೆಯೇ ಅಂಗಡಿ ತೆರೆದು ಕಾದೆ. ಅವನು ಬಂದ, ನಾನು ಬಾಯಿ ತೆರೆಯುವ ಮೊದಲೇ ಹೇಳಿದ: ರಾತ್ರಿ ಕೇಳಿದ್ದಕ್ಕೆ ವನಜಾಕ್ಷಿ ಮೊದಲು ಇಲ್ಲವೇ ಇಲ್ಲ ಎಂದಳಂತೆ, ಮತ್ತೆ ಮತ್ತೆ ಕೇಳಿದಾಗ ಸ್ವಲ್ಪ ಹೊತ್ತು ಗೋಡೆ ನೋಡುತ್ತಾ ಕೂತು, ಹೌದು, ನಾನೇ ಹೇಳಿದ್ದು ಎಂದು ಒಪ್ಪಿಕೊಂಡಳಂತೆ. ನಾನು ಕಕ್ಕಾಬಿಕ್ಕಿಯಾದೆ. ಆಮೇಲೆ, ನಾಚಿಕೆಯಾಗುತ್ತದೆ ಹೇಳಲು, ಎದೆ ಹಗುರಾಯಿತು. ಅವಳೂ ಹೋಗಿ ಹೇಳಿರಬೇಕು, ನಾನು ಹೇಳದಿದ್ದರೂ ಸೀಟು ಹೋಗುತ್ತಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನವನ್ನು ಹನ್ನೊಂದು ವರ್ಷ ಉಂಡೆ.

ಹನ್ನೊಂದು ವರ್ಷ ಸಂಪಂಗಿ ಹೆಂಡತಿಯ ಜೊತೆ ಮಾತಾಡಲಿಲ್ಲ. ಒಂದೇ ಮನೆ, ಒಂದೇ ಅಡಿಗೆ. ಅವಳು ತಟ್ಟೆ ಇಡುತ್ತಿದ್ದಳು, ಅವನು ಉಂಡು ಏಳುತ್ತಿದ್ದ. ಬೆಳಿಗ್ಗೆ ಕಾಲು ಚಾಚುತ್ತಿದ್ದ, ಅವಳು ಎಣ್ಣೆ ತಿಕ್ಕುತ್ತಿದ್ದಳು, ಆಗಲೂ ಮಾತಿಲ್ಲ. ಸಾಹುಕಾರರು ಗ್ಯಾರೇಜಿನಲ್ಲಿ ಮೇಸ್ತ್ರಿ ಕೆಲಸ ಕೊಡುತ್ತೇನೆಂದರೂ ಹೋಗಲಿಲ್ಲ. ಕೂತು ಮಾಡುವ ಕೆಲಸವೆಂದು ಪಂಪುಗಳ ಸುಟ್ಟ ಮೋಟಾರಿಗೆ ತಂತಿ ಸುತ್ತಿಕೊಡುವ ಅಂಗಡಿ ಇಟ್ಟ. ಸಂಜೆ ಬಾಗಿಲು ಹಾಕಿ ನೇರ ನನ್ನಲ್ಲಿಗೆ ಬರುತ್ತಿದ್ದ. ಬಂದವನು ಬೇರೆಯೇ ಮನುಷ್ಯ: ಹಳೆಯ ಪಂದ್ಯಗಳು, ಊರವರ ಅಣಕ, ಗಿರಾಕಿಗಳ ಕಿರಿಕಿರಿ, ಬಾಯಿ ತುಂಬ ಮಾತು, ಹೊಟ್ಟೆ ತುಂಬ ನಗು. ನಡುವೆ ಒಮ್ಮೊಮ್ಮೆ ಗೋಡೆಗೆ ಒರಗಿದ ತನ್ನ ಬೆನ್ನುಗಳನ್ನು ಎಣಿಸುತ್ತಿದ್ದ. ಅವನ್ನು ಒಡೆದುಹಾಕೋಣವೇ ಎಂದು ಒಮ್ಮೆ ಕೇಳಿದೆ, ಬೇಡ ಎಂದ. ಅವನ ಜಾಗಕ್ಕೆ ಬಂದ ಹುಡುಗ ಬೇವಿನಮರದ ತಿರುವನ್ನು ಎಷ್ಟೋ ಸಲ ದಾಟಿದ, ಏನೂ ಆಗಲಿಲ್ಲ. ನಾನು ಸಂಪಂಗಿಯ ಜೀವ ಉಳಿಸಿದೆನೋ, ಸುಮ್ಮನೆ ಅವನ ಬದುಕು ಕಿತ್ತುಕೊಂಡೆನೋ ತಿಳಿಯುವ ದಾರಿಯೇ ಇರಲಿಲ್ಲ.

ಒಂದು ಚಳಿಗಾಲ ಅವನಿಗೆ ಜ್ವರ ಬಂತು, ಎದೆಗಿಳಿಯಿತು, ಆರನೆಯ ದಿನ ಹೋಗಿಬಿಟ್ಟ. ಅಷ್ಟು ವೇಗದಲ್ಲಿ ಬದುಕಿದವನು ಹಾಸಿಗೆಯಲ್ಲಿ ಸತ್ತ. ಕೊನೆಯ ದಿನವಾದರೂ ಅವಳ ಜೊತೆ ಮಾತಾಡಿರಬಹುದೆಂದು ನಾನು ಆಸೆಪಟ್ಟೆ. ಇಲ್ಲ, ಬರೀ ನೀರು ಕೇಳಿದ, ಅದನ್ನೂ ಕೈಸನ್ನೆಯಲ್ಲಿ.

ಹದಿಮೂರನೆಯ ದಿನದ ಊಟ ಮುಗಿದು ನೆಂಟರು ಹೋದ ಮೇಲೆ, ಒಂದು ಬೆಳಿಗ್ಗೆ ಅವನ ಮನೆಗೆ ಹೋದೆ. ವನಜಾಕ್ಷಿ ಹೊರಗಿನ ಕೋಣೆಯಲ್ಲಿ ಅವನ ಅಂಗಿಗಳನ್ನು ಮಡಿಸುತ್ತಿದ್ದಳು. ಬನ್ನಿ ಅಣ್ಣ ಎಂದು ಕುರ್ಚಿ ತೋರಿಸಿದಳು. ನಾನು ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ: ಅಚ್ಚು, ಆಣೆ, ಸ್ಟೂಲಿನ ಮೇಲೆ ಕೂತ ಸಾಹುಕಾರರು. "ಇರಬಹುದು" ಎಂದದ್ದನ್ನೂ ಹೇಳಿದೆ. ಅವಳು ಅಂಗಿ ಮಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಅಣ್ಣ," ಎಂದಳು. "ಕಾಲಿನ ವಿಷಯ ಗೊತ್ತಿರೋದು ನಮ್ಮಿಬ್ಬರಿಗೇ ಅಂತ ಅವ್ರೇ ಹೇಳಿದ್ರು. ನಾನು ಹೇಳಿರ್ಲಿಲ್ಲ."

ಅವತ್ತೇ ಗೊತ್ತಾಯಿತೇ ಎಂದು ಕೇಳಿದೆ. ಅವತ್ತೇ ಎಂದಳು. ಹಾಗಾದರೆ ನೀವೇ ಹೇಳಿದ್ದೆಂದು ಯಾಕೆ ಒಪ್ಪಿಕೊಂಡಿರಿ ಎಂದೆ.

"ನಾನಲ್ಲ ಅಂತ ಸಾಧಿಸಿದ್ರೆ ಉಳಿಯೋರು ನೀವೊಬ್ರೇ ತಾನೆ? ಸೀಟು ಹೋಗಿತ್ತು. ನೀವೂ ಹೋಗಿಬಿಟ್ಟಿದ್ರೆ ಅವ್ರಿಗೆ ಯಾರಿದ್ರು? ಹೆಂಡತಿ ಮೇಲೆ ಸಿಟ್ಟು ಮಾಡ್ಕೊಂಡು ಬದುಕ್ಬಹುದು. ನಾನೇನು ಮನೆ ಬಿಟ್ಟು ಹೋಗ್ತಿದ್ನಾ?"

ನಾನು ಕುಸಿದು ಕೂತು ಮುಖ ಮುಚ್ಚಿಕೊಂಡು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಂಗಿಗಳನ್ನು ಪಕ್ಕಕ್ಕಿಟ್ಟು, ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ಕುಡಿದು ಮುಗಿಸುವವರೆಗೂ ಕಾದಳು.

"ಒಂದು ಕೇಳ್ತೀನಿ, ಇಲ್ಲ ಅನ್ಬೇಡಿ," ಎಂದಳು. "ಸಂಜೆ ಹೊತ್ತು ನಿಮ್ಮಂಗಡೀಲಿ ಅವ್ರು ಏನೇನು ಮಾತಾಡ್ತಿದ್ರು? ಎಲ್ಲಾ ಹೇಳಿ. ನಂಗೇನೂ ಅವಸರವಿಲ್ಲ."

ಅಡಿಗೆಮನೆಯಲ್ಲಿ ರೇಡಿಯೋ ಹಾಡುತ್ತಿತ್ತು. ಅವಳು ಒಳಗೆ ಹೋಗಿ ಅದನ್ನು ನಿಲ್ಲಿಸಿ ಬಂದಳು, ಮಣೆಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತು, ಮಂಡಿಯ ಮೇಲೆ ಗಲ್ಲವೂರಿದಳು. ನಾನು ಹನ್ನೊಂದು ವರ್ಷದ ಹಿಂದಿನ ಮೊದಲನೆಯ ಸಂಜೆಯಿಂದ ಶುರುಮಾಡಿದೆ.