ಬಿಸ್ಕತ್ತು ಎನ್ನಬಾರದ ವಾರ

ಓರಿಯಾನೊ ಫುಸ್ಕೀನಿಗೆ ಎಡಗಾಲು ಇರಲಿಲ್ಲ. ನಡೆಯಲಿಕ್ಕೆ ಇತ್ತು, ಕಾರಿನ ಕ್ಲಚ್ ಒತ್ತಲಿಕ್ಕೆ ಇತ್ತು, ಬಾರಿನ ಮೇಜಿನ ಕೆಳಗಿನಿಂದ ನನ್ನನ್ನು ಒದೆಯಲಿಕ್ಕೆ ಚೆನ್ನಾಗಿಯೇ ಇತ್ತು. ಚೆಂಡಿಗೆ ಮಾತ್ರ ಇರಲಿಲ್ಲ. ಬಲಗಾಲಿನಲ್ಲಿ ಅವನು ಎಲ್ಲಿಂದ ಹೊಡೆದರೂ ಚೆಂಡು ಗೋಲಿನ ಮೂಲೆ ಹುಡುಕಿಕೊಂಡು ಹೋಗುತ್ತಿತ್ತು. ಅದೇ ಚೆಂಡು ಎಡಗಾಲಿಗೆ ಬಂದರೆ ಗ್ಯಾಲರಿಯಲ್ಲಿ ಕುಳಿತವರು ತಲೆ ತಗ್ಗಿಸುತ್ತಿದ್ದರು. ಎರಡು ಕಾಲಿದ್ದಿದ್ದರೆ ಅವನು ಮಿಲಾನಿನಲ್ಲಿ ಮನೆ ಕಟ್ಟಿಸುತ್ತಿದ್ದ. ಒಂದೇ ಕಾಲಿದ್ದದ್ದರಿಂದ ಹದಿಮೂರು ವರ್ಷ ಇಟಲಿಯ ಸಣ್ಣ ಊರುಗಳ ತಂಡಗಳಲ್ಲಿ ಸುತ್ತಿದ.

ನಾವಿಬ್ಬರೂ ತೊರ್ರೆಸಾಲೆಯಲ್ಲಿ, ಉಪ್ಪಿನ ಗೋದಾಮಿನ ಹಿಂದಿನ ಒಂದೇ ಗಲ್ಲಿಯಲ್ಲಿ ಬೆಳೆದವರು. ನಾನು ಡಿಫೆಂಡರ್. ಊರಿನ ಕೆಂಪು ಬಿಳಿ ಅಂಗಿ ಬಿಟ್ಟು ಬೇರೆ ಅಂಗಿ ಹಾಕಲಿಲ್ಲ. ಯಾರೂ ಕೊಳ್ಳಲು ಬರಲಿಲ್ಲ ಎನ್ನುವುದೇ ಅದರ ಕಾರಣ. ಓರಿಯಾನೊ ಎರಡು ವರ್ಷ ನಮ್ಮ ಒಂಬತ್ತನೇ ನಂಬರಿನ ಅಂಗಿ ತೊಟ್ಟ. ಹತ್ತೊಂಬತ್ತು ತುಂಬಿದ ಬೇಸಿಗೆಯಲ್ಲಿ ಕ್ಲಬ್ಬಿನವರು ಅವನನ್ನು ಮಾರಿದರು. ರೈಲು ಹತ್ತುವಾಗ ಅವನು ಅಳಲಿಲ್ಲ. "ಮುಗಿಸೋಕೆ ಇಲ್ಲಿಗೇ ಬರ್ತೀನಿ ಕಣೋ ವಾಲ್ತೆರ್. ಆ ಅಂಗಿ ಒಗೆದು ಇಟ್ಟಿರು" ಎಂದ.

ಆಮೇಲೆ ಒಂದೆರಡು ಬೇಸಿಗೆಗೊಮ್ಮೆ ಅವನ ತಂಡ ಬದಲಾಗುವುದು ರೂಢಿಯಾಯಿತು. ನೇಪಲ್ಸಿನ ಹತ್ತಿರದ ಒಂದು ಊರಿನಲ್ಲಿ ಒಂದು ವರ್ಷ ಅವನಿಂದ ಯಾವ ಹೋಟೆಲಿನವರೂ ಊಟದ ದುಡ್ಡು ತೆಗೆದುಕೊಳ್ಳಲಿಲ್ಲ. ಮರುವರ್ಷ ಹೊಸ ಕೋಚ್ ಬಂದ, ಅವನಿಗೆ ಎತ್ತರದ ಸ್ಟ್ರೈಕರ್ ಬೇಕಿತ್ತು. ಸಾರ್ಡೀನಿಯಾದಲ್ಲಿ ಪ್ರತಿ ಹೊರಗಿನ ಪಂದ್ಯಕ್ಕೂ ಹಡಗು ಹತ್ತಿ ವಾಂತಿ ಮಾಡಿದ. ಪಿಯೆಮೊಂತೆಯ ಭತ್ತದ ಗದ್ದೆಗಳ ನಡುವಿನ ಊರಿನಲ್ಲಿ, ಕಾವಳ ಕವಿದ ಒಂದು ಭಾನುವಾರ, ಅವನು ಹೊಡೆದ ಗೋಲನ್ನು ಯಾರೂ ನೋಡಲಿಲ್ಲ. ಅವನೂ ನೋಡಲಿಲ್ಲ. ಬಲೆ ಅಲುಗಿದ ಸದ್ದು ಕೇಳಿ ರೆಫರಿ ಸೀಟಿ ಊದಿದನಂತೆ. ಒಂದು ಚಳಿಗಾಲ ಮೊದಲ ದರ್ಜೆಯಲ್ಲೂ ಇದ್ದ. ಅಲ್ಲಿ ಕೋಚ್ ಅವನನ್ನು ಒಂದೇ ಸಲ, ಪಂದ್ಯ ಮುಗಿಯಲು ಸ್ವಲ್ಪ ಹೊತ್ತಿರುವಾಗ, ಇಳಿಸಿದ. ಎರಡು ಸಲ ಚೆಂಡು ಮುಟ್ಟಿದ, ಅದರಲ್ಲೊಂದು ಕೈಯಲ್ಲಿ, ಗೆರೆಯಾಚೆಯಿಂದ ಎಸೆಯುವಾಗ.

ಜೂನ್‌ನಲ್ಲಿ ಊರಿಗೆ ಬಂದಾಗ, ತಂಡ ಹೊಸದಾಗಿದ್ದರೆ, ಅದರ ಸಣ್ಣ ಮುಕ್ಕೋನ ಬಾವುಟವನ್ನು ಲೀನೊನ ಬಾರಿಗೆ ತಂದುಕೊಡುತ್ತಿದ್ದ. ಲೀನೊ ಅದನ್ನು ಕಾಫಿ ಯಂತ್ರದ ಮೇಲಿನ ಗೋಡೆಗೆ ನೇತುಹಾಕುತ್ತಿದ್ದ. ನಡುವೆ ಒಂದು ಮೊಳೆ ಮಾತ್ರ ಖಾಲಿ.

"ಅಲ್ಲಿಗೆ ನಮ್ಮೂರಿಂದು ಹಾಕೋ" ಎಂದು ಓರಿಯಾನೊ ಒಮ್ಮೆ ಕೇಳಿದ.

"ಅದು ಇಲ್ಲಿ ಆಡ್ತಾ ಇರೋರಿಗೆ. ನೀನು ಮಾಜಿ" ಎಂದ ಲೀನೊ. "ವಾಪಸ್ ಬಂದು ಆಡು, ಆವಾಗ ನೋಡೋಣ. ಕಾಫಿಗೆ ಗ್ರಾಪ್ಪಾ ಸಾರಾಯಿ ಹಾಕ್ಲಾ?"

"ಮಾಜಿಗೆ ಪುಕ್ಕಟೆನಾ?"

"ಮಾಜಿಗೆ ಡಬಲ್ ರೇಟು."

ಮಾಜಿ ಎನ್ನುವುದು ನಮ್ಮಲ್ಲಿ ಬರೀ ತಮಾಷೆಯ ಮಾತಲ್ಲ. ತನ್ನ ಹಳೆಯ ತಂಡದ ಮೇಲೆ ಆಡುವವನು ಗೋಲು ಹೊಡೆದೇ ಹೊಡೆಯುತ್ತಾನೆ ಎಂದು ಎಲ್ಲರೂ ನಂಬುತ್ತಾರೆ. ಹೊಡೆದ ಮೇಲೆ ಕುಣಿಯಬಾರದು. ಅಂಗೈ ಎತ್ತಿ ಕ್ಷಮೆ ಕೇಳಬೇಕು.

ಓರಿಯಾನೊನ ತಾಯಿ ನೋರ್ಮಾಗೆ ಇವೆಲ್ಲ ಗೊತ್ತಿರಲಿಲ್ಲ. ಉಪ್ಪಿನ ಕಾರ್ಖಾನೆಯಲ್ಲಿ ಚೀಲ ಹೊಲಿದು ನಿವೃತ್ತಳಾದ ವಿಧವೆ. ಕ್ರೀಡಾ ಪುಟ ಓದುತ್ತಿರಲಿಲ್ಲ, ಬಾರಿಗೆ ಕಾಲಿಡುತ್ತಿರಲಿಲ್ಲ. ಫುಟ್‌ಬಾಲ್ ಎಂದರೆ ಅವಳಿಗೆ ಮಗನನ್ನು ನೋಡಲು ಸಿಗುವ ಒಂದು ನೆಪ. ಅವನ ತಂಡ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ ಆಡಿದರೆ ಸಾಕು, ಸೋಂಪು ಹಾಕಿದ ಬಿಸ್ಕತ್ತು ಸುಟ್ಟು, ಹಡಗಿನ ಚಿತ್ರವಿದ್ದ ತಗಡಿನ ಡಬ್ಬಿಯಲ್ಲಿ ತುಂಬಿ ಅವರ ಉಡುಪು ಕೋಣೆಯ ಬಾಗಿಲಿಗೇ ಹೋಗುತ್ತಿದ್ದಳು. ಆಟದಲ್ಲಿ ಮೂಗಿನ ಮೂಳೆ ಮುರಿದುಕೊಂಡ ಡಿಫೆಂಡರ್‌ಗಳು ಶಾಲೆ ಹುಡುಗರ ಹಾಗೆ ಸಾಲಾಗಿ ನಿಂತು ತಿನ್ನುತ್ತಿದ್ದರು. ಓರಿಯಾನೊ ತಂಡ ಬದಲಿಸಿದ, ಡಬ್ಬಿ ಬದಲಾಗಲಿಲ್ಲ.

ಸಾವಿರದ ಒಂಬೈನೂರ ಎಂಬತ್ನಾಲ್ಕರಲ್ಲಿ ಅವನಿಗೆ ಮೂವತ್ತೊಂದು. ಊರು ಬಿಟ್ಟ ಮೇಲಿನ ಎಂಟನೇ ತಂಡವಾದ ಮೊಂತೆಫೀಕೊದಲ್ಲಿದ್ದ. ಗುಡ್ಡದ ಮೇಲಿನ ಊರು ಅದು. ನಮ್ಮ ಕ್ಲಬ್ಬಿನ ಅಧ್ಯಕ್ಷ ಬೆರ್ತೋಝಿ, ಐಸ್ ಕಾರ್ಖಾನೆಯ ಮಾಲೀಕ, ಈಸ್ಟರಿನ ದಿನ ಅವನ ಕೈ ಕುಲುಕಿ ಮಾತು ಕೊಟ್ಟಿದ್ದ: ಮುಂದಿನ ವರ್ಷ ಊರಿಗೆ ಬಾ, ಒಂಬತ್ತನೇ ನಂಬರು ನಿನ್ನದು, ಅಲ್ಲೇ ಮುಗಿಸು. ಒಂದೇ ಷರತ್ತು. ನಾವಿದ್ದದ್ದು ಸಂಬಳ ಕೊಡುವ ಕ್ಲಬ್ಬುಗಳ ಕೊನೆಯ ದರ್ಜೆಯಲ್ಲಿ. ಅಲ್ಲಿಂದ ಕೆಳಗೆ ಜಾರಿದರೆ ತಾನು ಕ್ಲಬ್ಬನ್ನು ಕೈಬಿಡುವುದಾಗಿ ಬೆರ್ತೋಝಿ ಎಲ್ಲರೆದುರು ಹೇಳಿದ್ದ.

ಕೊನೆಯ ಭಾನುವಾರದ ಪಂದ್ಯ ತೊರ್ರೆಸಾಲೆಗೂ ಮೊಂತೆಫೀಕೊಗೂ, ನಮ್ಮ ಮೈದಾನದಲ್ಲಿ. ಸಮ ಆದರೆ ಇಬ್ಬರೂ ಉಳಿಯುತ್ತೇವೆ. ಯಾರು ಸೋತರೂ ಸೋತವರು ಮುಳುಗುತ್ತಾರೆ.

ಇಂಥ ಪಂದ್ಯಕ್ಕೆ ನಮ್ಮಲ್ಲಿ ಒಂದು ಹೆಸರಿದೆ. ಬಿಸ್ಕತ್ತು. ಅದಕ್ಕೆ ಯಾರೂ ಫೋನ್ ಮಾಡಬೇಕಿಲ್ಲ, ಲಂಚ ಕೊಡಬೇಕಿಲ್ಲ. ಎರಡೂ ತಂಡಗಳು ನಡುಮೈದಾನದಲ್ಲಿ ಚೆಂಡು ಉರುಳಿಸುತ್ತ ಹೊತ್ತು ಕಳೆಯುತ್ತವೆ, ಸೊನ್ನೆ ಸೊನ್ನೆ ಮಾಡಿ ಊಟಕ್ಕೆ ಹೋಗುತ್ತವೆ. ಬೇರೆ ಊರಿನಲ್ಲಿ ಮುಳುಗುತ್ತಿರುವ ಮೂರನೆಯವನು ಬಿಸ್ಕತ್ತು ಬಿಸ್ಕತ್ತು ಎಂದು ಬೊಬ್ಬೆ ಹೊಡೆಯುತ್ತಾನೆ. ಊರಿಗೆ ಊರೇ ಅದನ್ನು ಬಯಸುತ್ತಿತ್ತು. ಬಯಸಿದ್ದನ್ನು ಬಾಯಿಬಿಟ್ಟು ಹೇಳಿದರೆ ಕೈತಪ್ಪುತ್ತದೆ ಎಂದೂ ಊರಿಗೆ ಊರೇ ನಂಬಿತ್ತು. ಹಾಗಾಗಿ ಆ ವಾರ ತೊರ್ರೆಸಾಲೆಯಲ್ಲಿ ಯಾರೂ ಆ ಶಬ್ದ ಆಡಲಿಲ್ಲ.

ಲೀನೊ ಕೌಂಟರಿನ ಮೇಲಿದ್ದ ಗಾಜಿನ ಭರಣಿಯನ್ನೇ ಒಳಗಿಟ್ಟ.

"ಲೀನೊ, ಅದೆಲ್ಲಿ?"

"ಯಾವುದು?"

"ಅದೇ ಮಾರಾಯ. ಕಾಫಿಗೆ ಅದ್ದಿಕೊಳ್ಳೋದು."

"ಹೆಸರು ಹೇಳು, ಕೊಡ್ತೀನಿ."

"ನಾನ್ಯಾಕೆ ಹೇಳ್ಲಿ? ನನಗೇನು ತಲೆ ಕೆಟ್ಟಿದ್ಯಾ?"

"ಹಾಗಾದ್ರೆ ಬ್ರೆಡ್ ಅದ್ದಿಕೋ."

ಕಿರಾಣಿ ಅಂಗಡಿಯವಳು ಅದನ್ನಿಟ್ಟಿದ್ದ ಕಪಾಟಿಗೆ ಬಟ್ಟೆ ಹೊದಿಸಿದಳು. ಹೊರಗಿನ ಪತ್ರಿಕೆಗಳಲ್ಲಿ ಆ ಶಬ್ದ ದಪ್ಪಕ್ಷರದಲ್ಲಿ ಬಂದಾಗ ಲೀನೊ ಕ್ರೀಡಾ ಪುಟವನ್ನು ಮೀನು ಸುತ್ತಲು ಕೊಟ್ಟ. ಶನಿವಾರ ಮಧ್ಯಾಹ್ನ ನೋರ್ಮಾಳ ಅಡುಗೆಮನೆಯ ಕಿಟಕಿಯಿಂದ ಸೋಂಪಿನ ವಾಸನೆ ಗಲ್ಲಿಗೆ ಇಳಿಯಿತು. ಬಾರಿನವರೆಗೂ ಬಂತು. ಇಸ್ಪೀಟು ಆಡುತ್ತಿದ್ದವರು ಎಲೆ ಕೆಳಗಿಟ್ಟರಂತೆ. ಏನಾಗುತ್ತಿದೆ ಎಂದು ಎಲ್ಲರಿಗೂ ತಿಳಿಯಿತು. ಯಾರಾದರೂ ಹೋಗಿ ಹೇಳಬೇಕಿತ್ತು. ಹೇಳಬೇಕಾದರೆ ಆ ಶಬ್ದ ಆಡಬೇಕಿತ್ತು. ಯಾರೂ ಏಳಲಿಲ್ಲ. ಇದನ್ನು ನನಗೆ ಆಮೇಲೆ ಹೇಳಿದವನು ಲೀನೊ. ನಮ್ಮ ತಂಡವನ್ನು ಶುಕ್ರವಾರವೇ ಊರಾಚೆಯ ಹೋಟೆಲಿನಲ್ಲಿ ಕೂಡಿಹಾಕಿದ್ದರು.

ಭಾನುವಾರ ಉಡುಪು ಕೋಣೆಗಳ ಮುಂದಿನ ಓಣಿಯಲ್ಲಿ ಬೂದು ಸೂಟಿನ ಒಬ್ಬ ಮನುಷ್ಯ ನಿಂತಿದ್ದ. ಫೆಡರೇಷನ್ ಕಳಿಸಿದ ಇನ್ಸ್‌ಪೆಕ್ಟರ್. ಆ ಸೆಕೆಯಲ್ಲೂ ಟೈ ಬಿಚ್ಚಿರಲಿಲ್ಲ. ಪಕ್ಕದಲ್ಲಿ ಪತ್ರಿಕೆಯ ಫೋಟೊಗ್ರಾಫರ್. ನಾನು ಬೂಟಿನ ಲೇಸು ಕಟ್ಟುತ್ತಿದ್ದೆ. ನೋರ್ಮಾ ಚರ್ಚಿಗೆ ಹಾಕುವ ನೀಲಿ ಉಡುಪಿನಲ್ಲಿ, ಎದೆಗೆ ಡಬ್ಬಿ ಒತ್ತಿಕೊಂಡು ಬಂದಳು.

"ಸಿನ್ಯೋರಾ, ಏನದು?" ಎಂದ ಇನ್ಸ್‌ಪೆಕ್ಟರ್.

"ಬಿಸ್ಕತ್ತು."

ನಮ್ಮ ಗೋಲ್‌ಕೀಪರ್ ತನ್ನ ಚಡ್ಡಿಯ ಮೇಲೆ ಕೈ ಒತ್ತಿಕೊಂಡ. ಅಪಶಕುನಕ್ಕೆ ನಮ್ಮ ಗಂಡಸರು ಮಾಡುವುದು ಅದನ್ನೇ.

"ಏನಂದ್ರಿ?"

"ಬಿಸ್ಕತ್ತು ಅಂದೆ. ಹುಡುಗರಿಗೆ."

"ಯಾವ ತಂಡದ ಹುಡುಗರಿಗೆ?"

"ಯಾವಾಗ್ಲೂ ಮಗನ ತಂಡಕ್ಕೆ ಮಾತ್ರ ಮಾಡ್ತಿದ್ದೆ" ಎಂದಳು ನೋರ್ಮಾ. "ಇವತ್ತು ಇವರೂ ನಮ್ಮವರೇ ಅಲ್ವಾ? ಅದಕ್ಕೆ ಎರಡೂ ತಂಡಕ್ಕೆ ಆಗೋಷ್ಟು ಮಾಡಿದೀನಿ."

ಕ್ಯಾಮೆರಾ ಮಿಂಚಿತು. ಇನ್ಸ್‌ಪೆಕ್ಟರ್ ಡಬ್ಬಿ ತೆಗೆದು ಒಂದನ್ನು ಮುರಿದು ಒಳಗೆ ನೋಡಿದ. ಮೂಸಿದ.

"ಇದು ನನ್ನ ಹತ್ರ ಇರಲಿ, ಸಿನ್ಯೋರಾ."

"ತಿನ್ನಿ, ಅದಕ್ಕೇನು. ಡಬ್ಬಿ ಮಾತ್ರ ವಾಪಸ್ ಕೊಡಿ."

ಉಡುಪು ಕೋಣೆಗಳ ನಡುವಿನ ಗೋಡೆ ತೆಳು. ಮೊಂತೆಫೀಕೊದ ಕೋಚ್ ಕೂಗಾಡುವುದು ನಮಗೆಲ್ಲ ಕೇಳಿಸಿತು.

"ನಾಳೆ ಆಯಮ್ಮನ ಫೋಟೊ ಪೇಪರಲ್ಲಿ ಬರುತ್ತೆ! ಇವತ್ತು ನೀವು ನಿಂತ್ಕೊಂಡು ಚೆಂಡು ಉರುಳಿಸಿದ್ರೆ ನಮಗೆಲ್ಲ ನಿಷೇಧ ಗ್ಯಾರಂಟಿ. ಓಡಿ! ಬಿದ್ದು ಎದ್ದು ಓಡಿ! ಫುಸ್ಕೀನಿ, ಅದು ನಿಮ್ಮಮ್ಮನ ಡಬ್ಬಿ. ಎಲ್ಲರಿಗಿಂತ ಜಾಸ್ತಿ ನೀನು ಓಡಬೇಕು."

"ಸರಿ, ಮಿಸ್ಟರ್" ಎಂದ ಓರಿಯಾನೊ. ನಮ್ಮಲ್ಲಿ ಕೋಚನ್ನು ಕರೆಯುವುದೇ ಹಾಗೆ.

ನಮ್ಮ ಮಿಸ್ಟರ್ ಕೂಡ ಅದನ್ನೇ ಹೇಳಿದ, ಧ್ವನಿ ತಗ್ಗಿಸಿ.

ಹೀಗೆ ಎರಡು ತಂಡಗಳೂ ಬೇಡದ ಒಂದು ನಿಜವಾದ ಪಂದ್ಯ ಶುರುವಾಯಿತು. ಅಷ್ಟು ಚೆನ್ನಾಗಿ ನಾವು ಆ ವರ್ಷ ಆಡಿರಲಿಲ್ಲ. ಜನ ಮೊದಲು ಬೆರಗಾದರು, ಆಮೇಲೆ ಬೈಯತೊಡಗಿದರು. "ನಿಲ್ರೋ ಕತ್ತೆಗಳಾ! ಯಾಕ್ರೋ ಓಡ್ತೀರಾ!" ಎಂದು ಗ್ಯಾಲರಿಯಿಂದ ಕೂಗಿದವನು ಬೆರ್ತೋಝಿಯೇ.

ಓರಿಯಾನೊನನ್ನು ಕಾಯುವ ಕೆಲಸ ನನ್ನದು.

"ಯಾಕೋ ಹೀಗೆ ಓಡ್ತೀಯ? ಮನೆಗೆ ಬೆಂಕಿ ಬಿದ್ದಿದ್ಯಾ?" ಎಂದೆ.

"ಬಿದ್ದಿದೆ. ಆ ಸೂಟು ಅಮ್ಮನ ಪಕ್ಕದಲ್ಲೇ ಕೂತಿದೆ ನೋಡು."

"ತಿಂತಿದ್ದಾನೆ ಕಣೋ."

"ತಿನ್ಲಿ. ಬಾಯಿ ತುಂಬಿದ್ರೆ ಪ್ರಶ್ನೆ ಕೇಳಲ್ಲ." ಸ್ವಲ್ಪ ದೂರ ಓಡಿ ತಿರುಗಿ ಬಂದು, "ಅಂಗಿ ಒಗೆದಿಟ್ಟಿದೀಯ ತಾನೇ?" ಎಂದ.

"ಇಸ್ತ್ರಿ ಕೂಡ ಆಗಿದೆ. ಈಗ ಸ್ವಲ್ಪ ನಿಧಾನ ಮಾಡು."

ಪಂದ್ಯ ಮುಗಿಯಲು ಹೆಚ್ಚು ಹೊತ್ತಿರಲಿಲ್ಲ, ಇನ್ನೂ ಸೊನ್ನೆ ಸೊನ್ನೆ. ಅವರ ಕಡೆಯಿಂದ ಉದ್ದಕ್ಕೆ ಒಂದು ಚೆಂಡು ಬಂತು. ನನ್ನ ಜೊತೆಗಾರ ಡಿಫೆಂಡರ್ ಜಾರಿ ಬಿದ್ದ. ಗೋಲಿನ ಮುಂದೆ ಓರಿಯಾನೊ, ನಾನು, ಚೆಂಡು. ನಾನು ಅವನ ಬಲಗಾಲಿಗೆ ಅಡ್ಡ ನಿಂತೆ, ಎಡಗಡೆ ಬಿಟ್ಟುಕೊಟ್ಟೆ. ಹನ್ನೆರಡು ವರ್ಷ ಇಟಲಿಯ ಎಲ್ಲ ಡಿಫೆಂಡರ್‌ಗಳೂ ಅವನೆದುರು ಮಾಡಿದ್ದು ಅದನ್ನೇ, ಅದೇ ಸರಿ. ಅವನಿಗೆ ಬಲಕ್ಕೆ ತಿರುಗಲು ಸಮಯವಿತ್ತು. ತಿರುಗಲಿಲ್ಲ. ಗ್ಯಾಲರಿಯ ಕಡೆ ಒಮ್ಮೆ ನೋಡಿ, ಎಡಗಾಲಿನಲ್ಲಿ ಬಲವಾಗಿ ಒದ್ದ.

ಚೆಂಡು ಮೊದಲು ಹೊರಗೇ ಹೋಗುತ್ತಿತ್ತು. ನಡುವೆ ಬಾಗಿತು. ದೂರದ ಕಂಬಕ್ಕೆ ಬಡಿದು ಒಳಗೆ ಬಿತ್ತು.

ಗ್ಯಾಲರಿಯಲ್ಲಿ ಯಾರದೋ ಟ್ರಾನ್ಸಿಸ್ಟರು ಬೇರೆ ಊರಿನ ಪಂದ್ಯದ ಬಗ್ಗೆ ಒಂದೇ ಸಮನೆ ಮಾತಾಡುತ್ತಿತ್ತು. ಓರಿಯಾನೊ ಮಾಜಿಗಳು ಮಾಡುವ ಹಾಗೆ ಎರಡೂ ಅಂಗೈ ಎತ್ತಿದ. ಅವನು ಗೋಲನ್ನು ನೋಡಲಿಲ್ಲ. ತಲೆ ಬಗ್ಗಿಸಿ ತನ್ನ ಎಡಗಾಲನ್ನು ನೋಡುತ್ತ ನಿಂತ.

ಸೊನ್ನೆ ಒಂದರಿಂದ ಸೋತೆವು. ಮೀಯುವ ಕೋಣೆಯ ಬಾಗಿಲಿಗೆ ಅವನೇ ಬಂದ. ನಮ್ಮ ಹುಡುಗರು ಮುಖ ತಿರುಗಿಸಿದರು.

"ಹೊರಗೆ ಹೋಗ್ಲಿ ಅಂತಾನೇ ಎಡಗಾಲಲ್ಲಿ ಹೊಡೆದೆ" ಎಂದ.

"ಗೊತ್ತು."

"ಬಲಗಾಲಲ್ಲಿ ತಪ್ಪಿಸಿದ್ರೆ ಆ ಸೂಟಿಗೆ ಅನುಮಾನ ಬರ್ತಿತ್ತು. ಎಡಗಾಲಾದ್ರೆ ಯಾರು ಕೇಳ್ತಾರೆ? ಹೇಳು, ಎಂಟು ತಂಡದಲ್ಲಿ ಒಂದ್ಸಲನಾದ್ರೂ ಒಳಗೆ ಹೋಗಿದ್ಯಾ?"

"ಇಲ್ಲ."

"ಮತ್ತೆ ಇವತ್ಯಾಕೋ?"

ನಾನು ಅವನ ಕೈಗೆ ಸಾಬೂನು ಕೊಟ್ಟೆ.

ಹೊರಗೆ ನೋರ್ಮಾ ಕಾಯುತ್ತಿದ್ದಳು. ಆ ಮೈದಾನದಲ್ಲಿ ನಗುತ್ತಿದ್ದವಳು ಅವಳೊಬ್ಬಳೇ. "ಎಡಗಾಲಲ್ಲಿ ಹೊಡೆದೆ ಅಲ್ವಾ? ನಾನು ನೋಡಿದೆ. ನಿಮ್ಮಪ್ಪ ಇದ್ದಿದ್ರೆ ನಂಬ್ತಾನೇ ಇರ್ಲಿಲ್ಲ" ಎಂದಳು. ಅವನು "ಹೂಂ ಅಮ್ಮ" ಎಂದು ಅವಳ ಚೀಲ ಎತ್ತಿಕೊಂಡ.

ಮರುದಿನ ಬೆಳಿಗ್ಗೆ, ಪತ್ರಿಕೆಯಲ್ಲಿ ಫೋಟೊ ಬಂದ ಮೇಲೆ, ಲೀನೊ ಅವಳ ಮನೆಗೆ ಹೋಗಿ ಎಲ್ಲ ವಿವರಿಸಿದ. ಅವಳು "ಮೊದಲೇ ಹೇಳಬಾರದಿತ್ತಾ?" ಎಂದಳಂತೆ.

"ಹೇಳಿದ್ರೆ ಅದೃಷ್ಟ ಕೆಡ್ತಿತ್ತು, ಸಿನ್ಯೋರಾ" ಎಂದನಂತೆ ಲೀನೊ.

ವಿಚಾರಣೆಯಲ್ಲಿ ಏನೂ ಸಿಗಲಿಲ್ಲ, ಸಿಗಲಿಕ್ಕೆ ಏನೂ ಇರಲಿಲ್ಲ. ಬೆರ್ತೋಝಿ ಮಾತಿನಂತೆ ನಡೆದ. ಆ ಆಗಸ್ಟಿನಲ್ಲಿ ಕ್ಲಬ್ಬಿನ ಹೆಸರನ್ನು ಯಾರೂ ನೋಂದಾಯಿಸಲಿಲ್ಲ. ಓರಿಯಾನೊ ಕಲಾಬ್ರಿಯಾದಲ್ಲಿ ಇನ್ನೊಂದು ವರ್ಷ ಆಡಿ, ಮಂಡಿ ಒಡೆದುಕೊಂಡು ಊರಿಗೆ ಬಂದ. ಈಗ ನಾವಿಬ್ಬರೂ ಕಡಲತೀರದಲ್ಲಿ ಬಾಡಿಗೆಗೆ ಛತ್ರಿ, ಒರಗು ಕುರ್ಚಿ ಹಾಕುತ್ತೇವೆ. ಮೈದಾನ ಪ್ರವಾಸಿಗರ ಕಾರು ನಿಲ್ಲಿಸುವ ಜಾಗವಾಗಿದೆ. ಒಂದು ಗೋಲಿನ ಕಂಬ ಉಳಿದಿದೆ, ಆ ದೂರದ ಕಂಬ. ಸೆಪ್ಟೆಂಬರಿನಲ್ಲಿ ಜನ ಖಾಲಿಯಾದ ಮೇಲೆ ಕೆಲವು ಸಂಜೆ ಚೆಂಡು ತೆಗೆದುಕೊಂಡು ಅಲ್ಲಿಗೆ ಹೋಗುತ್ತೇವೆ. ಅವನು ಅದೇ ಜಾಗದಿಂದ ಎಡಗಾಲಿನಲ್ಲಿ ಹೊಡೆಯುತ್ತಾನೆ, ನಾನು ತರಲು ಓಡುತ್ತೇನೆ. ಚೆಂಡು ಪ್ರತಿ ಸಲ ರಸ್ತೆಗೇ ಹೋಗುತ್ತದೆ.

ನೋರ್ಮಾ ತೀರಿಕೊಂಡು ಬಹಳ ವರ್ಷವಾಯಿತು. ಆ ಭಾನುವಾರದ ಮೇಲೆ ಅವಳು ಹಿಟ್ಟು ಕಲಸಿದ್ದನ್ನು ನಮ್ಮ ಗಲ್ಲಿ ನೋಡಲಿಲ್ಲ. ಲೀನೊನ ಗೋಡೆಯಲ್ಲಿ ಈಗ ಒಂಬತ್ತು ಬಾವುಟಗಳು, ನಡುವೆ ಅದೇ ಖಾಲಿ ಮೊಳೆ.

ಒಟ್ಟು ಹೋದದ್ದು ಇಷ್ಟು: ಒಂದು ಕ್ಲಬ್ಬು, ಹದಿನೆಂಟು ಜನರ ಕೆಲಸ, ಓರಿಯಾನೊ ಮತ್ತೆ ತೊಡದ ಒಂಬತ್ತನೇ ನಂಬರಿನ ಒಂದು ಅಂಗಿ, ಮತ್ತು ಹಡಗಿನ ಚಿತ್ರವಿದ್ದ ಒಂದು ತಗಡಿನ ಡಬ್ಬಿ. ಫೆಡರೇಷನ್ ಅದನ್ನು ವಾಪಸ್ ಕಳಿಸಲಿಲ್ಲ.